ಕಟಕಟೆ ಏರಿದ ಆಟ

ಮಾರ್ಟಲ್ ಕಾಂಬ್ಯಾಟ್ ಆಟದಲ್ಲಿ ಸಬ್-ಝೀರೊ ಎಂಬ ಮುಸುಕುಧಾರಿಯೊಬ್ಬ ಬರುತ್ತಾನೆ. ಕಾಳಗ ಗೆದ್ದ ಮೇಲೆ ಇಂತಿಂಥ ಗುಂಡಿಗಳನ್ನು ಇಂತಿಂಥ ಕ್ರಮದಲ್ಲಿ ಒತ್ತಿದರೆ ಸೋತವನ ತಲೆಯನ್ನು ಬೆನ್ನೆಲುಬಿನ ಸಮೇತ ಕಿತ್ತು ಎತ್ತಿ ಹಿಡಿಯುತ್ತಾನೆ. 1993ರ ಡಿಸೆಂಬರ್ 9ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕದ ಸೆನೆಟರುಗಳು ಸಾಲಾಗಿ ಕೂತು ಈ ಆಟದ ತುಣುಕುಗಳನ್ನು ನೋಡಿದರು. ವಿಚಾರಣೆ ಕರೆದವರು ಕನೆಕ್ಟಿಕಟ್ ರಾಜ್ಯದ ಜೋಸೆಫ್ ಲೀಬರ್‌ಮನ್ ಮತ್ತು ವಿಸ್ಕಾನ್ಸಿನ್ನಿನ ಹರ್ಬ್ ಕೋಲ್. ಲೀಬರ್‌ಮನ್ನರ ಕಚೇರಿಯ ಹಿರಿಯ ಅಧಿಕಾರಿಯೊಬ್ಬರ ಮಗ ಈ ಆಟ ಕೊಡಿಸೆಂದು ಹಟ ಹಿಡಿದ, ಅಪ್ಪ ಅದೇನೆಂದು ನೋಡಿ ದಂಗಾಗಿ ಸಾಹೇಬರ ಕಿವಿಗೆ ಹಾಕಿದರು, ಅಲ್ಲಿಂದ ಶುರುವಾಯಿತು ಎಂಬುದು ಈ ಪ್ರಕರಣದ ಬಗ್ಗೆ ಬರೆದವರೆಲ್ಲ ಹೇಳುವ ಕಥೆ.

ಅಂದು ಸಾಕ್ಷಿ ಹೇಳಲು ಬಂದವರಲ್ಲಿ ಎಲ್ಲರ ಕಣ್ಣು ಇಬ್ಬರ ಮೇಲಿತ್ತು. ನಿಂಟೆಂಡೊ ಕಂಪನಿಯ ಹೊವರ್ಡ್ ಲಿಂಕನ್ ಒಬ್ಬರು, ಸೆಗಾ ಕಂಪನಿಯ ಬಿಲ್ ವೈಟ್ ಇನ್ನೊಬ್ಬರು. ಎರಡೂ ಜಪಾನಿ ಕಂಪನಿಗಳ ಅಮೆರಿಕನ್ ಶಾಖೆಗಳು. ಪೇಟೆಯಲ್ಲಿ ಹಾವು ಮುಂಗುಸಿ. ವೈಟ್ ಮೊದಲು ನಿಂಟೆಂಡೊದಲ್ಲೇ ಇದ್ದು ಎದುರು ಪಾಳಯಕ್ಕೆ ಹೋದವರು ಬೇರೆ. ಮಾರ್ಟಲ್ ಕಾಂಬ್ಯಾಟ್ ನಾಣ್ಯ ಹಾಕಿ ಆಡುವ ಆರ್ಕೇಡುಗಳಿಂದ ಮನೆಯ ಟಿವಿಗೆ ಬಂದದ್ದು ಅದೇ ವರ್ಷ ಸೆಪ್ಟೆಂಬರ್ 13ರಂದು. ನಿಂಟೆಂಡೊ ತನ್ನ ಯಂತ್ರಕ್ಕೆ ಬಂದ ಆಟದಲ್ಲಿ ರಕ್ತದ ಕೆಂಪು ತೆಗೆದು ಬೂದು ಬಣ್ಣದ ಬೆವರು ಹಾಕಿಸಿತ್ತು, ತಲೆ ಕೀಳುವುದನ್ನೂ ಬಿಡಿಸಿತ್ತು. ಸೆಗಾ ರಕ್ತವನ್ನು ಬಚ್ಚಿಟ್ಟಂತೆ ಮಾಡಿತ್ತು ಅಷ್ಟೆ. ಆಟದ ಆರಂಭದಲ್ಲಿ ಎ-ಬಿ-ಎ-ಸಿ-ಎ-ಬಿ-ಬಿ ಎಂದು ಒತ್ತಿದರೆ ಎಲ್ಲವೂ ಹೊರಗೆ ಬರುತ್ತಿತ್ತು, ಆ ಗುಟ್ಟು ಹುಡುಗರಿಗೆಲ್ಲ ಬಾಯಿಪಾಠವಾಗಿತ್ತು. ಮಾರಾಟದಲ್ಲಿ ಸೆಗಾದ್ದೇ ಮೇಲುಗೈ. ಹೀಗಾಗಿ ಸಭ್ಯತೆ ಮೆರೆಯುವುದಕ್ಕೂ ಸೇಡು ತೀರಿಸಿಕೊಳ್ಳುವುದಕ್ಕೂ ಲಿಂಕನ್ನರಿಗೆ ಒಂದೇ ಮೇಜಿನ ಮೇಲೆ ಅವಕಾಶ ಸಿಕ್ಕಿತು. ಅವರು ಎರಡನ್ನೂ ಬಿಡಲಿಲ್ಲ.

ಲೀಬರ್‌ಮನ್ ಕೊನಾಮಿ ಕಂಪನಿಯ ಆಟಿಕೆ ಪಿಸ್ತೂಲನ್ನು ಎತ್ತಿ ತೋರಿಸಿದರು. ಸೆಗಾ ಯಂತ್ರಕ್ಕೆ ಸಿಕ್ಕಿಸಿ ಪರದೆಯ ಮೇಲೆ ಗುಂಡು ಹಾರಿಸುವಂಥದ್ದು. ಮಕ್ಕಳ ಕೈಗೆ ಇಂಥದ್ದನ್ನು ಕೊಡುತ್ತೀರಲ್ಲ ಎಂಬುದು ಅವರ ಮಾತಿನ ತಿರುಳು. ವೈಟ್ ಸುಮ್ಮನೆ ಬಂದಿರಲಿಲ್ಲ. ನಿಂಟೆಂಡೊ ಮಾರುತ್ತಿದ್ದ ಸೂಪರ್ ಸ್ಕೋಪ್ ಎಂಬ, ಹೆಗಲ ಮೇಲಿಟ್ಟುಕೊಂಡು ಗುರಿ ಹಿಡಿಯುವ ದೊಡ್ಡ ಕೋವಿಯನ್ನು ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದರು. ಅವರದೂ ಇಷ್ಟು ದೊಡ್ಡದಿದೆ ನೋಡಿ ಎಂಬ ಧಾಟಿ. ದೇಶದ ಮಕ್ಕಳ ಮನಸ್ಸಿನ ಬಗ್ಗೆ ಕರೆದ ಸಭೆ ಎರಡು ಅಂಗಡಿಗಳ ಜಗಳದ ಕಟ್ಟೆಯಾಯಿತು.

ನೈಟ್ ಟ್ರ್ಯಾಪ್ ಎಂಬ ಇನ್ನೊಂದು ಆಟದ ಗತಿ ಇನ್ನೂ ವಿಚಿತ್ರ. 1987ರಲ್ಲಿ ನಿಜವಾದ ನಟ ನಟಿಯರನ್ನು ಇಟ್ಟು ಚಿತ್ರೀಕರಿಸಿ, ಐದು ವರ್ಷದ ಮೇಲೆ ಸೆಗಾ ಸಿಡಿಯಲ್ಲಿ ಬಂದ ಆಟ ಅದು. ಒಂದು ಮನೆಯಲ್ಲಿ ಹುಡುಗಿಯರು ತಂಗಿದ್ದಾರೆ, ರಕ್ತ ಹೀರುವ ಮುಸುಕಿನವರು ನುಗ್ಗುತ್ತಾರೆ, ಆಡುವವನು ಬೋನು ಬೀಳಿಸಿ ಹುಡುಗಿಯರನ್ನು ಉಳಿಸಬೇಕು. ಸಭೆಯಲ್ಲಿ ತೋರಿಸಿದ್ದು ಆಡುವವನು ಸೋತಾಗ ಬರುವ ತುಣುಕು. ನೋಡಿದವರಿಗೆ ಹೆಣ್ಣುಮಕ್ಕಳನ್ನು ಹಿಡಿದು ಕೊಲ್ಲುವುದೇ ಆಟದ ಗುರಿ ಎಂಬ ಭಾವನೆ ಬಂತು. ನೈಟ್ ಟ್ರ್ಯಾಪ್ ಎಂದಿಗೂ ನಿಂಟೆಂಡೊ ಯಂತ್ರದ ಮೇಲೆ ಬರುವುದಿಲ್ಲ ಎಂದು ಲಿಂಕನ್ ಸಭೆಗೆ ಮಾತು ಕೊಟ್ಟರು. ಅದೇ ತಿಂಗಳು ದೊಡ್ಡ ಆಟಿಕೆ ಅಂಗಡಿಗಳು ಆ ಸಿಡಿಯನ್ನು ಕಪಾಟಿನಿಂದ ಇಳಿಸಿದವು. ಇಪ್ಪತ್ತೈದು ವರ್ಷ ಕಳೆದು, 2018ರಲ್ಲಿ, ನೈಟ್ ಟ್ರ್ಯಾಪ್ ನಿಂಟೆಂಡೊ ಸ್ವಿಚ್ ಮೇಲೆ ಬಿಡುಗಡೆಯಾಯಿತು. ಹದಿಮೂರು ದಾಟಿದವರು ಆಡಬಹುದೆಂಬ ಚೀಟಿ ಅಂಟಿಸಿಕೊಂಡು. ಯಾರೂ ತಕರಾರು ತೆಗೆಯಲಿಲ್ಲ.

ಆಟವನ್ನು ಕಟಕಟೆಗೆ ಏರಿಸಿದ್ದು ಅಂದೇ ಮೊದಲಲ್ಲ. 1976ರಲ್ಲಿ ಕ್ಯಾಲಿಫೋರ್ನಿಯಾದ ಎಕ್ಸಿಡಿ ಕಂಪನಿ ಡೆತ್ ರೇಸ್ ಎಂಬ ಯಂತ್ರ ಮಾಡಿತು. ಕಪ್ಪು ಬಿಳುಪು ಪರದೆ, ಎದುರಿಗೆ ಸ್ಟಿಯರಿಂಗ್ ಚಕ್ರ. ಕಡ್ಡಿಯಂಥ ಆಕೃತಿಗಳು ಅತ್ತಿತ್ತ ಓಡುತ್ತವೆ, ಕಾರು ಹಾಯಿಸಿದರೆ ಕಿರ್ರೆಂದು ಚೀರಿ ಬಿದ್ದ ಜಾಗದಲ್ಲಿ ಶಿಲುಬೆ ಮೂಡುತ್ತದೆ. ಅವು ಮನುಷ್ಯರಲ್ಲ, ಗ್ರೆಮ್ಲಿನ್ ಎಂಬ ಪಿಶಾಚಿಗಳು ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಸುದ್ದಿಸಂಸ್ಥೆಯ ಒಂದು ವರದಿಯಿಂದ ಗಲಾಟೆ ಎದ್ದು, ರಾಷ್ಟ್ರೀಯ ಸುರಕ್ಷತಾ ಮಂಡಳಿ ಛೀಮಾರಿ ಹಾಕಿ, ಅರವತ್ತು ನಿಮಿಷದ ಪ್ರಖ್ಯಾತ ಟಿವಿ ಕಾರ್ಯಕ್ರಮದವರೆಗೆ ವಿಷಯ ಹೋಯಿತು. ಇದರಿಂದ ಯಂತ್ರಕ್ಕೆ ಬೇಡಿಕೆ ಹೆಚ್ಚಿತು ಎಂದು ಎಕ್ಸಿಡಿಯವರೇ ಆಮೇಲೆ ಹೇಳಿಕೊಂಡರು. ಬೈಗುಳವೇ ಜಾಹೀರಾತಾಗುವ ಈ ಲೆಕ್ಕವನ್ನು ಮುಂದೆ ಬಂದ ಎಷ್ಟೋ ಕಂಪನಿಗಳು ಚೆನ್ನಾಗಿ ಕಲಿತವು.

1982ರಲ್ಲಿ ದೇಶದ ಸರ್ಜನ್ ಜನರಲ್, ಅಂದರೆ ಸರ್ಕಾರದ ಅತಿ ದೊಡ್ಡ ಆರೋಗ್ಯಾಧಿಕಾರಿ, ಸಿ. ಎವರೆಟ್ ಕೂಪ್ ಪಿಟ್ಸ್‌ಬರ್ಗಿನಲ್ಲಿ ಭಾಷಣ ಮಾಡುತ್ತ ವಿಡಿಯೋ ಗೇಮ್ ಮಕ್ಕಳ ನಡವಳಿಕೆ ಕೆಡಿಸುತ್ತಿದೆ ಎಂದರು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಮರುದಿನವೇ ಅವರು, ಅದು ನನ್ನ ಸ್ವಂತ ಅಭಿಪ್ರಾಯ, ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಸ್ಪಷ್ಟೀಕರಣ ಕೊಟ್ಟರು. ನಾಲ್ಕೈದು ತಿಂಗಳಲ್ಲಿ ಅದೇ ಸರ್ಕಾರದ ಅಧ್ಯಕ್ಷ ರೊನಾಲ್ಡ್ ರೇಗನ್ ಫ್ಲಾರಿಡಾದಲ್ಲಿ ಮಕ್ಕಳ ಮುಂದೆ ನಿಂತು, ಈ ಆಟಗಳಿಂದ ಕೈ ಕಣ್ಣುಗಳ ಹೊಂದಾಣಿಕೆ ಎಷ್ಟು ಚುರುಕಾಗುತ್ತಿದೆಯೆಂದರೆ ನಾಳೆ ಯುದ್ಧವಿಮಾನ ಹಾರಿಸುವವರು ಇವರೇ ಎಂದು ಹೊಗಳಿದರು. ಊರುಗಳೂ ಸುಮ್ಮನಿರಲಿಲ್ಲ. ಮ್ಯಾಸಚೂಸೆಟ್ಸಿನ ಮಾರ್ಶ್‌ಫೀಲ್ಡ್ ಎಂಬ ಊರು 1982ರಲ್ಲಿ ಆರ್ಕೇಡ್ ಯಂತ್ರಗಳನ್ನು ನಿಷೇಧಿಸಿತು. ಆ ನಿಷೇಧ ತೆಗೆದದ್ದು 2014ರಲ್ಲಿ. ಟೆಕ್ಸಾಸಿನ ಮೆಸ್ಕೀಟ್ ಪಟ್ಟಣವು ದೊಡ್ಡವರು ಜೊತೆಯಲ್ಲಿಲ್ಲದ ಹದಿನೇಳರೊಳಗಿನವರು ಆರ್ಕೇಡಿಗೆ ಕಾಲಿಡಬಾರದೆಂದು ಕಟ್ಟಳೆ ಮಾಡಿ, ಆ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಮೆಸ್ಕೀಟಿನ ಹೆಸರನ್ನು ನೆನಪಿಟ್ಟುಕೊಳ್ಳಬೇಕು. ಐಡಿ ಸಾಫ್ಟ್‌ವೇರ್ ಎಂಬ ಸಣ್ಣ ಕಂಪನಿ ಡೂಮ್ ಆಟ ಕಟ್ಟಿದ್ದು ಇದೇ ಊರಿನಲ್ಲಿ. ಲೀಬರ್‌ಮನ್ನರ ವಿಚಾರಣೆ ಮುಗಿದ ಮರುದಿನ, 1993ರ ಡಿಸೆಂಬರ್ 10ರಂದು, ಅವರು ಡೂಮ್‌ನ ಮೊದಲ ಭಾಗವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಏರಿಸಿ ಬಿಟ್ಟಿಯಾಗಿ ಹಂಚಿದರು. ಕೈಯಲ್ಲಿ ಕೋವಿ ಹಿಡಿದವನ ಕಣ್ಣಿನಿಂದಲೇ ಲೋಕವನ್ನು ಕಾಣುವ ಆಟ. ಅಂಗಡಿ ಬೇಡ, ಕಾರ್ಟ್ರಿಜ್ ಬೇಡ, ನಿಂಟೆಂಡೊದ ಅಪ್ಪಣೆ ಬೇಡ. ಸೆನೆಟರುಗಳು ಹಿಂದಿನ ದಿನ ಬೈದದ್ದು ನಿನ್ನೆಯ ಆಟಗಳನ್ನು. ನಾಳೆಯದು ಫೋನಿನ ತಂತಿಯಲ್ಲಿ ಆಗಲೇ ಹೊರಟಿತ್ತು.

ವಿಚಾರಣೆಯಿಂದ ಏನೂ ಆಗಲಿಲ್ಲ ಎನ್ನುವಂತಿಲ್ಲ. ನೀವೇ ಒಂದು ವ್ಯವಸ್ಥೆ ಮಾಡಿಕೊಳ್ಳಿ, ಇಲ್ಲವಾದರೆ ಸರ್ಕಾರ ಮಾಡುತ್ತದೆ ಎಂದು ಸೆನೆಟ್ ಗಡುವು ಹಾಕಿತು. 1994ರ ಸೆಪ್ಟೆಂಬರಿನಲ್ಲಿ ಉದ್ಯಮದವರೇ ಸೇರಿ ಇಎಸ್‌ಆರ್‌ಬಿ ಎಂಬ ರೇಟಿಂಗ್ ಮಂಡಳಿ ಕಟ್ಟಿದರು. ಯಾವ ಆಟ ಎಷ್ಟು ವಯಸ್ಸಿನವರಿಗೆ ಎಂದು ಪೆಟ್ಟಿಗೆಯ ಮೇಲೆ ಅಕ್ಷರ ಹಾಕುವುದು ಅದರ ಕೆಲಸ. ಆ ವರ್ಷ ಬಂದ ಮಾರ್ಟಲ್ ಕಾಂಬ್ಯಾಟ್ 2 ನಿಂಟೆಂಡೊದಲ್ಲೇ ಕೆಂಪು ರಕ್ತ ಸುರಿಸಿತು. ಒಮ್ಮೆ ಚೀಟಿ ಅಂಟಿಸಿದ ಮೇಲೆ ಒಳಗೆ ಏನಿಟ್ಟರೂ ಮಾರುವವನ ಹೊಣೆ ಹಗುರ. ನಾಲ್ಕು ದಶಕದ ಹಿಂದೆ ಕಾಮಿಕ್ಸ್ ಪುಸ್ತಕದವರಿಗೆ ಈ ಜಾಣತನ ಇರಲಿಲ್ಲ. ಮನೋವೈದ್ಯ ಫ್ರೆಡ್ರಿಕ್ ವರ್ದಮ್ 1954ರಲ್ಲಿ ಕಾಮಿಕ್ಸೇ ಬಾಲಾಪರಾಧಕ್ಕೆ ಕಾರಣವೆಂದು ಪುಸ್ತಕ ಬರೆದು, ಸೆನೆಟ್ ಸಮಿತಿ ಕರೆದು ಕೂರಿಸಿದಾಗ, ಪ್ರಕಾಶಕರು ಹೆದರಿ ತಮಗೆ ತಾವೇ ಕಟ್ಟುನಿಟ್ಟಿನ ಸೆನ್ಸಾರ್ ಹೇರಿಕೊಂಡು ಭಯಾನಕ ಕಥೆಗಳ ಸಂತತಿಯನ್ನೇ ಅಳಿಸಿಹಾಕಿದರು. ವರ್ದಮ್ ತಮ್ಮ ರೋಗಿ ಮಕ್ಕಳ ಹೇಳಿಕೆಗಳನ್ನು ತಿದ್ದಿ ತಿರುಚಿದ್ದರೆಂದು ಅವರ ಕಾಗದಪತ್ರ ಶೋಧಿಸಿದ ಕ್ಯಾರಲ್ ಟಿಲ್ಲಿ ಎಂಬ ಸಂಶೋಧಕಿ ಬಯಲು ಮಾಡುವ ಹೊತ್ತಿಗೆ ಅರ್ಧ ಶತಮಾನ ದಾಟಿತ್ತು.

1999ರ ಏಪ್ರಿಲ್ 20ರವರೆಗೆ ಇದು ಸಭ್ಯತೆಯ ಪ್ರಶ್ನೆಯಾಗಿತ್ತು. ಅಂದು ಕೊಲೊರಾಡೊದ ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಬಂದೂಕು ಹಿಡಿದು ಬಂದು ಹದಿಮೂರು ಜನರನ್ನು ಕೊಂದು ತಾವೂ ಸತ್ತರು. ಇಬ್ಬರೂ ಡೂಮ್ ಆಡುತ್ತಿದ್ದರು. ಒಬ್ಬ ಆಟಕ್ಕೆ ತನ್ನದೇ ಹೊಸ ಹಂತಗಳನ್ನೂ ಮಾಡಿದ್ದ. ಅಷ್ಟು ಸಾಕಾಯಿತು. ತಮ್ಮ ಶಾಲೆಯನ್ನೇ ಆಟದಲ್ಲಿ ಕಟ್ಟಿ ಅಭ್ಯಾಸ ಮಾಡಿದ್ದರಂತೆ ಎಂಬ ಪುಕಾರು ಹಬ್ಬಿತು, ಅದು ಸುಳ್ಳು. ಸೇನೆಯಲ್ಲಿದ್ದು ಬಂದ ಡೇವ್ ಗ್ರಾಸ್‌ಮನ್, ಈ ಆಟಗಳು ಕೊಲ್ಲುವ ತರಬೇತಿ ಯಂತ್ರಗಳು ಎಂದು ಊರೂರು ತಿರುಗಿ ಹೇಳಿದರು. ಅದೇ ಡೂಮ್ ಆಟವನ್ನು ಅಮೆರಿಕದ ಮರೀನ್ ಪಡೆ ತಿದ್ದಿಕೊಂಡು ಸೈನಿಕರಿಗೆ ತರಬೇತಿ ಕೊಡಲು ಪ್ರಯತ್ನಿಸಿದ್ದರಿಂದ ಅವರ ಮಾತಿಗೆ ತೂಕವೂ ಬಂತು. ಆದರೆ ಅಲ್ಲಿ ಕಲಿಸಲು ಹೊರಟದ್ದು ತಂಡವಾಗಿ ನಡೆದುಕೊಳ್ಳುವುದನ್ನು, ಮನಸ್ಸನ್ನು ಕಲ್ಲು ಮಾಡಿಕೊಳ್ಳುವುದನ್ನಲ್ಲ. ಈ ವ್ಯತ್ಯಾಸ ಟಿವಿ ಚರ್ಚೆಗಳಲ್ಲಿ ಉಳಿಯಲಿಲ್ಲ. ಮೂರೇ ವರ್ಷದಲ್ಲಿ, 2002ರ ಸ್ವಾತಂತ್ರ್ಯ ದಿನದಂದು, ಅಮೆರಿಕದ ಭೂಸೇನೆ ತಾನೇ ಗುಂಡು ಹಾರಿಸುವ ಆಟವೊಂದನ್ನು ಮಾಡಿಸಿ, ಹುಡುಗರನ್ನು ಸೇನೆಗೆ ಸೆಳೆಯಲು ಬಿಟ್ಟಿ ಹಂಚಿತು.

ಕೊಲಂಬೈನಿನ ಬಂದೂಕುಗಳ ಕಥೆ ಬೇರೆ. ಹದಿನೆಂಟು ತುಂಬಿದ ಗೆಳತಿಯೊಬ್ಬಳ ಕೈಲಿ ಬಂದೂಕು ಮೇಳದಲ್ಲಿ ಮೂರನ್ನು ಕೊಳ್ಳಿಸಿದ್ದರು. ಖಾಸಗಿ ಮಾರಾಟಗಾರರು ಹಿನ್ನೆಲೆ ವಿಚಾರಿಸುವ ಅಗತ್ಯವೇ ಇರಲಿಲ್ಲ. ಈ ಕಂಡಿ ಮುಚ್ಚುವ ತಿದ್ದುಪಡಿ ಆ ಮೇ ತಿಂಗಳಲ್ಲಿ ಸೆನೆಟ್ ಮುಂದೆ ಬಂದಾಗ ಮತ ಸಮಸಮ ಬಿದ್ದು, ಉಪಾಧ್ಯಕ್ಷ ಆಲ್ ಗೋರ್ ತಮ್ಮ ಮತ ಹಾಕಿ ಗೆಲ್ಲಿಸಿದರು. ಕೆಳಮನೆಯಲ್ಲಿ ಅದು ಬಿದ್ದುಹೋಯಿತು. ಜೂನ್‌ನಲ್ಲಿ ಅಧ್ಯಕ್ಷ ಕ್ಲಿಂಟನ್, ಹಿಂಸೆಯ ಆಟ, ಸಿನಿಮಾ, ಸಂಗೀತವನ್ನು ಮಕ್ಕಳಿಗೆ ಹೇಗೆ ಮಾರುತ್ತಾರೆಂದು ತನಿಖೆ ಮಾಡಿಸಲು ಆಜ್ಞೆ ಹೊರಡಿಸಿದರು. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಈ ಸುಮಾರು ಐದು ದಶಕದ ವಾಗ್ವಾದವನ್ನು ಓದುತ್ತ ಹೋದಂತೆ ನನಗೆ ಕಾಣುವುದು ಇಷ್ಟು: ಆಟ ಕೊಲೆಗಾರರನ್ನು ಮಾಡುತ್ತದೆಂದು ಸಾಬೀತಾದ್ದರಿಂದ ಅದು ಕಟಕಟೆ ಏರಲಿಲ್ಲ; ಎರಡೂ ಪಕ್ಷದವರು ಒಟ್ಟಾಗಿ ಬೈಯಬಹುದಾದ ಆರೋಪಿ ಅದೊಂದೇ ಆಗಿದ್ದರಿಂದ ಏರಿತು. ಬಂದೂಕಿಗೆ ಸಂವಿಧಾನದ ಎರಡನೇ ತಿದ್ದುಪಡಿಯ ಕಾವಲಿದೆ, ಮತದಾರರ ದಂಡಿದೆ. ಆಟಕ್ಕೂ ಒಂದು ಕಾವಲಿದೆ ಎಂಬುದು ಆಗಿನ್ನೂ ಯಾರಿಗೂ ಖಚಿತವಿರಲಿಲ್ಲ.

ಕಂಪನಿಗಳು ಪಾಪದ ಹಸುಗಳೇನಲ್ಲ. ಕ್ಲಿಂಟನ್ ಹೇಳಿ ಮಾಡಿಸಿದ ತನಿಖೆಯ ವರದಿ 2000ದ ಸೆಪ್ಟೆಂಬರಿನಲ್ಲಿ ಬಂತು. ಹದಿನೇಳು ದಾಟಿದವರಿಗೆ ಮಾತ್ರ ಎಂದು ಗುರುತು ಹಾಕಿದ 118 ಆಟಗಳನ್ನು ಫೆಡರಲ್ ಟ್ರೇಡ್ ಕಮಿಷನ್ ಪರಿಶೀಲಿಸಿದಾಗ, ಅವುಗಳಲ್ಲಿ 83ರ ಜಾಹೀರಾತು ಯೋಜನೆ ಹದಿನೇಳರೊಳಗಿನ ಮಕ್ಕಳನ್ನೇ ಗುರಿಯಾಗಿಸಿಕೊಂಡಿತ್ತು. ಕಮಿಷನ್ ಮಾರುವೇಷದ ಗಿರಾಕಿಗಳಾಗಿ ಮಕ್ಕಳನ್ನು ಅಂಗಡಿಗೆ ಕಳಿಸಿ ನೋಡಿದರೆ, ನೂರಕ್ಕೆ 85 ಮಂದಿಗೆ ಇಂಥ ಆಟ ಸಲೀಸಾಗಿ ಸಿಕ್ಕಿತು. ಒಂದು ಕೈಯಲ್ಲಿ ಎಚ್ಚರಿಕೆಯ ಚೀಟಿ, ಇನ್ನೊಂದು ಕೈಯಲ್ಲಿ ಆಮಿಷ. ನನ್ನ ಲೆಕ್ಕದಲ್ಲಿ ಆ ಎಲ್ಲ ವರ್ಷಗಳಲ್ಲಿ ಆಟದ ವಿರುದ್ಧ ಸಿಕ್ಕ ಗಟ್ಟಿ ಸಾಕ್ಷ್ಯ ಇದೊಂದೇ, ಮತ್ತು ಇದು ಕೊಲೆಯದಲ್ಲ, ವ್ಯಾಪಾರದ್ದು. ಬಯಲಾದ ಮೇಲೆ ಅದು ಸರಿಹೋಯಿತು ಕೂಡ: 2011ರಲ್ಲಿ ಕಮಿಷನ್ ಇದೇ ಪರೀಕ್ಷೆಯ ಫಲ ಹೊರಹಾಕಿದಾಗ 85 ಇದ್ದದ್ದು 13ಕ್ಕೆ ಇಳಿದಿತ್ತು. ಯಾವ ಕಾನೂನೂ ಇಲ್ಲದೆ.

ಇನ್ನು ವಿಜ್ಞಾನ. ಅಯೋವಾ ರಾಜ್ಯ ವಿಶ್ವವಿದ್ಯಾಲಯದ ಕ್ರೇಗ್ ಆಂಡರ್ಸನ್ ಈ ಕ್ಷೇತ್ರದ ದೊಡ್ಡ ಹೆಸರು. ಅವರೂ ಕ್ಯಾರೆನ್ ಡಿಲ್ ಅವರೂ 2000ದಲ್ಲಿ ಪ್ರಕಟಿಸಿದ ಪ್ರಯೋಗವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಮುಂದಿನ ಹತ್ತು ವರ್ಷ ಶಾಸನಸಭೆಗಳಲ್ಲಿ ಮೊಳಗಿದ್ದು ಇಂಥ ಪ್ರಯೋಗಗಳೇ. ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರಿಗೆ ನಾಜಿಗಳನ್ನು ಗುಂಡಿಟ್ಟು ಕೊಲ್ಲುವ ವುಲ್ಫೆನ್‌ಸ್ಟೈನ್ ತ್ರೀಡಿ, ಕೆಲವರಿಗೆ ಒಗಟು ಬಿಡಿಸುವ ಮಿಸ್ಟ್ ಕೊಟ್ಟು ಆಡಿಸಿದರು. ಆಮೇಲೆ ಕಾಣದ ಎದುರಾಳಿಯ ಜೊತೆ ಗುಂಡಿ ಒತ್ತುವ ಪಂದ್ಯ. ಗೆದ್ದವನು ಸೋತವನ ಕಿವಿಗೆ ಕರ್ಕಶ ಸದ್ದು ಹಾಯಿಸಬಹುದು, ಎಷ್ಟು ಜೋರು, ಎಷ್ಟು ಹೊತ್ತು ಎಂಬುದು ಅವನ ಆಯ್ಕೆ. ನಿಜಕ್ಕೂ ಎದುರಾಳಿ ಇಲ್ಲವೇ ಇಲ್ಲ, ಕಂಪ್ಯೂಟರಷ್ಟೇ. ನಾಜಿಗಳನ್ನು ಕೊಂದು ಬಂದವರು ತಾವು ಒಮ್ಮೆ ಸೋತ ಮೇಲೆ ಹಾಯಿಸಿದ ಸದ್ದು ಕೊಂಚ ಹೆಚ್ಚು ಹೊತ್ತು ಇತ್ತು. ಕ್ಷಣದ ಒಂದು ಸಣ್ಣ ಪಾಲು. ಪ್ರಯೋಗ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಕಿವಿಯ ಸದ್ದಿಗೂ ಕೊಲಂಬೈನಿಗೂ ನಡುವೆ ಎಷ್ಟು ದೂರವಿದೆಯೋ ಅಷ್ಟನ್ನೂ ಭಾಷಣಕಾರರು ಒಂದೇ ಜಿಗಿತಕ್ಕೆ ದಾಟಿದರು. ಮುಂದೆ ಮಾಲ್ಟೆ ಎಲ್ಸನ್ ಎಂಬ ಜರ್ಮನ್ ಸಂಶೋಧಕ ಈ ಸದ್ದಿನ ಪರೀಕ್ಷೆ ಬಳಸಿದ ಪ್ರಬಂಧಗಳನ್ನೆಲ್ಲ ಗುಡ್ಡೆ ಹಾಕಿ ನೋಡಿದ. ಪ್ರಬಂಧಗಳಿಗಿಂತ ಅಂಕ ಕೂಡುವ ವಿಧಾನಗಳೇ ಹೆಚ್ಚಿದ್ದವು. ಸದ್ದಿನ ಜೋರನ್ನು ಲೆಕ್ಕ ಹಾಕಿದವರು ಕೆಲವರು, ಅವಧಿಯನ್ನು ಹಾಕಿದವರು ಕೆಲವರು, ಎರಡನ್ನೂ ಗುಣಿಸಿದವರು ಇನ್ನು ಕೆಲವರು.

ಕೊಲಂಬೈನ್ ಘಟನೆಯಾದ ಮೇಲೆ ಅಮೆರಿಕದ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ ಶಾಲೆಗಳಲ್ಲಿ ನಡೆದ 37 ದಾಳಿಗಳನ್ನು, 41 ದಾಳಿಕೋರರನ್ನು ಕೂಲಂಕಷವಾಗಿ ನೋಡಿ 2002ರಲ್ಲಿ ವರದಿ ಕೊಟ್ಟವು. ಹಿಂಸೆಯ ಸಿನಿಮಾದಲ್ಲಿ ಆಸಕ್ತಿ ತೋರಿಸಿದವರು ನೂರಕ್ಕೆ 27, ಪುಸ್ತಕಗಳಲ್ಲಿ 24, ವಿಡಿಯೋ ಗೇಮಿನಲ್ಲಿ 12. ಎಲ್ಲಕ್ಕಿಂತ ಹೆಚ್ಚು, 37, ತಾವೇ ಬರೆದ ಹಿಂಸೆಯ ಕವಿತೆ, ದಿನಚರಿ, ಪ್ರಬಂಧಗಳಲ್ಲಿ. ಅಮೆರಿಕದ ಗಂಡುಹುಡುಗರಲ್ಲಿ ಆಟ ಆಡದವರೇ ಅಪರೂಪವಾಗಿದ್ದ ಕಾಲದಲ್ಲಿ 12 ಎಂಬುದು ಬಲು ಸಣ್ಣ ಸಂಖ್ಯೆ. ಕವಿತೆ ಬರೆಯುವ ಹುಡುಗರ ಮೇಲೆ ಕಾನೂನು ತರಬೇಕೆಂದು ಯಾರೂ ಹೇಳಲಿಲ್ಲ, ಪುಣ್ಯಕ್ಕೆ. ಇತ್ತ ಆಟದ ಪರ ನಿಲ್ಲುವವರು ತಮ್ಮದೊಂದು ಅಂಕಿ ಬೀಸುತ್ತಿದ್ದರು: ತೊಂಬತ್ತರ ದಶಕದ ಆರಂಭದಿಂದ ಆಟಗಳ ಮಾರಾಟ ಏರಿದಷ್ಟೂ ದೇಶದ ಹಿಂಸಾಪರಾಧ ಇಳಿದು ಹೆಚ್ಚುಕಡಿಮೆ ಅರ್ಧವಾಗಿದೆ ಎಂದು. ಅಂಕಿ ನಿಜ, ಆದರೆ ಅಪರಾಧ ಇಳಿಯಲು ಹತ್ತಾರು ಕಾರಣಗಳಿವೆ. ಏರಿದ್ದಕ್ಕೆ ಆಟವನ್ನು ದೂರುವುದು ತಪ್ಪಾದರೆ ಇಳಿದದ್ದಕ್ಕೆ ಅದನ್ನು ಹೊಗಳುವುದೂ ತಪ್ಪೇ.

ಕೊಲೆಯಾದವರ ಹೆತ್ತವರು ಹೂಡಿದ ದಾವೆಗಳು ಕೋರ್ಟುಗಳಲ್ಲಿ ನಿಲ್ಲಲಿಲ್ಲ. ಕೆಂಟಕಿಯ ಪಡೂಕಾದಲ್ಲಿ 1997ರಲ್ಲಿ ಶಾಲಾ ಹುಡುಗನ ಗುಂಡಿಗೆ ಮೂವರು ಹುಡುಗಿಯರು ಬಲಿಯಾದ ಪ್ರಕರಣದಲ್ಲಿ ಆಟದ ಕಂಪನಿಗಳ ಮೇಲೆ ಹೂಡಿದ ದಾವೆ 2002ರಲ್ಲಿ ಮೇಲ್ಮನವಿಯಲ್ಲೂ ಬಿತ್ತು. ಆ ದಾವೆಯ ಹಿಂದಿದ್ದ ಫ್ಲಾರಿಡಾದ ವಕೀಲ ಜ್ಯಾಕ್ ಥಾಂಪ್ಸನ್ ಎಲ್ಲಿ ಗುಂಡಿನ ಸದ್ದಾದರೂ ಟಿವಿಯಲ್ಲಿ ಹಾಜರ್. 2007ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 32 ಜನ ಸತ್ತ ದಿನ, ಹಂತಕನ ಗುರುತು ಪೂರ್ತಿ ಸಿಗುವ ಮೊದಲೇ ಆಟದ ಮೇಲೆ ಬೊಟ್ಟು ಮಾಡಿದ್ದರು. ತನಿಖೆಯಲ್ಲಿ ಅವನಿಗೆ ಅಂಥ ಆಟಗಳ ಗೀಳೇ ಇರಲಿಲ್ಲವೆಂದು ತಿಳಿಯಿತು. ಮರುವರ್ಷ ಫ್ಲಾರಿಡಾದ ಸುಪ್ರೀಂ ಕೋರ್ಟ್ ಥಾಂಪ್ಸನ್ನರ ವಕೀಲಿ ಸನದನ್ನೇ ಕಿತ್ತುಕೊಂಡಿತು, ವೃತ್ತಿ ದುರ್ನಡತೆಗಾಗಿ. ಇಲಿನಾಯ್, ಮಿಷಿಗನ್, ಮಿನೆಸೋಟ, ಲೂಯಿಸಿಯಾನಾ, ಒಕ್ಲಹೋಮಾ ಹೀಗೆ ರಾಜ್ಯದ ಮೇಲೆ ರಾಜ್ಯ ಮಾಡಿದ ಕಾನೂನುಗಳನ್ನು ಫೆಡರಲ್ ಕೋರ್ಟುಗಳು ಒಂದೊಂದಾಗಿ ಹೊಡೆದುಹಾಕಿದವು.

ಉಳಿದದ್ದು ಕ್ಯಾಲಿಫೋರ್ನಿಯಾ. ಸ್ಯಾನ್ ಫ್ರಾನ್ಸಿಸ್ಕೋದ ಶಾಸಕ ಲೀಲಂಡ್ ಯೀ, ಸ್ವತಃ ಮಕ್ಕಳ ಮನಃಶಾಸ್ತ್ರ ಓದಿದವರು, ತಂದ ಮಸೂದೆ. ಹಿಂಸೆಯ ಆಟವನ್ನು ಹದಿನೆಂಟರೊಳಗಿನವರಿಗೆ ಮಾರಿದರೆ ಸಾವಿರ ಡಾಲರ್ ದಂಡ, ಪೆಟ್ಟಿಗೆಯ ಮೇಲೆ ಎರಡಂಗುಲ ಉದ್ದಗಲದ ಚೌಕದಲ್ಲಿ 18 ಎಂಬ ಅಂಕಿ. 2005ರ ಅಕ್ಟೋಬರಿನಲ್ಲಿ ಅದಕ್ಕೆ ಸಹಿ ಹಾಕಿದ ಗವರ್ನರ್ ಆರ್ನಾಲ್ಡ್ ಶ್ವಾರ್ಜ಼್‌ನೆಗರ್. ಟರ್ಮಿನೇಟರ್ ಸಿನಿಮಾಗಳಲ್ಲಿ ಗುಂಡಿನ ಮಳೆ ಸುರಿಸಿ ಕೋಟಿ ಕೋಟಿ ಗಳಿಸಿದ, ತನ್ನದೇ ರೂಪದ ಗೇಮುಗಳೂ ಪೇಟೆಯಲ್ಲಿದ್ದ ಮನುಷ್ಯ. ಕಾನೂನು ಒಂದು ದಿನವೂ ಜಾರಿಯಾಗಲಿಲ್ಲ. ಕೆಳಗಿನ ಕೋರ್ಟು ತಡೆಯಿತು, ಮೇಲ್ಮನವಿ ಕೋರ್ಟು ತಡೆಯನ್ನು ಎತ್ತಿಹಿಡಿಯಿತು.

2010ರ ನವೆಂಬರ್ 2ರಂದು ಸುಪ್ರೀಂ ಕೋರ್ಟಿನಲ್ಲಿ ನಡೆದ ವಾದವನ್ನು ಓದಿದರೆ ನಗು ತಡೆಯುವುದು ಕಷ್ಟ. ರಾಜ್ಯದ ವಕೀಲರು ವಿಕೃತ ಹಿಂಸೆಯ ಆಟಗಳಿಗೆ ಮಾತ್ರ ಈ ಕಾನೂನು ಎಂದು ಶುರುಮಾಡಿದರು. ವಿಕೃತವಲ್ಲದ ಹಿಂಸೆಯ ಆಟ ಯಾವುದು, ಮಾಮೂಲಿ ಹಿಂಸೆಯದೇ ಎಂದು ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ತಡೆದರು. ಗ್ರಿಮ್ ಸೋದರರ ಮಕ್ಕಳ ಕಥೆಗಳು ಏನು ಕಡಿಮೆ ಭಯಂಕರ, ಅವನ್ನೂ ನಿಷೇಧಿಸೋಣವೇ ಎಂದರು. ವಾಕ್ ಸ್ವಾತಂತ್ರ್ಯ ಕಾಯುವ ಮೊದಲ ತಿದ್ದುಪಡಿಯನ್ನು ಬರೆದ ಮ್ಯಾಡಿಸನ್ ಮುಂತಾದವರ ಮನಸ್ಸಿನಲ್ಲಿ ಹಿಂಸೆಯ ಬಗ್ಗೆ ಏನಿತ್ತು ಎಂದು ಸ್ಕಾಲಿಯಾ ಕೆದಕುತ್ತಿದ್ದಾಗ, ಇನ್ನೊಬ್ಬ ನ್ಯಾಯಮೂರ್ತಿ ಅಲಿಟೊ, ವಿಡಿಯೋ ಗೇಮ್ ಬಗ್ಗೆ ಜೇಮ್ಸ್ ಮ್ಯಾಡಿಸನ್ ಏನೆಂದುಕೊಂಡಿದ್ದರು ಎಂದು ಇವರಿಗೆ ತಿಳಿಯಬೇಕಂತೆ ಎಂದು ಚುಚ್ಚಿದರು. ಸೊತೊಮೇಯರ್, ಸತ್ತವನು ಮನುಷ್ಯನಲ್ಲದೆ ಅನ್ಯಗ್ರಹದ, ಚೂಪು ಕಿವಿಯ ವಲ್ಕನ್ ಆಗಿದ್ದರೆ ಕಾನೂನು ಅನ್ವಯಿಸುತ್ತದೆಯೇ ಎಂದು ಕೇಳಿದರು. ಇಲ್ಲ ಎಂದರು ವಕೀಲರು. ಹಾಗಾದರೆ ಕಂಪನಿಗಳು ಎಲ್ಲ ಪಾತ್ರಗಳ ಕಿವಿ ಚೂಪು ಮಾಡಿದರೆ ಮುಗಿಯಿತಲ್ಲ. ಮಾರ್ಟಲ್ ಕಾಂಬ್ಯಾಟ್ ಪ್ರಸ್ತಾಪ ಬಂದಾಗ ಎಲೆನಾ ಕೇಗನ್, ಇಲ್ಲಿ ನಮ್ಮ ಕೈಕೆಳಗೆ ಕೆಲಸ ಮಾಡುವ ಕ್ಲರ್ಕುಗಳಲ್ಲಿ ಅರ್ಧ ಜನ ಹುಡುಗುತನವನ್ನು ಅದರಲ್ಲೇ ಕಳೆದವರು ಎಂಬರ್ಥದ ಮಾತಾಡಿದರು.

2011ರ ಜೂನ್ 27ರಂದು ಬಂದ ತೀರ್ಪು 7-2. ಅಷ್ಟರಲ್ಲಿ ಗವರ್ನರ್ ಬದಲಾಗಿ ಪ್ರಕರಣಕ್ಕೆ ಹೊಸ ಗವರ್ನರ್ ಬ್ರೌನ್ ಅವರ ಹೆಸರು ಬಂದಿತ್ತು. ಸ್ಕಾಲಿಯಾ ಬರೆದರು: ವಿಡಿಯೋ ಗೇಮ್ ಕೂಡ ಪುಸ್ತಕ, ನಾಟಕ, ಸಿನಿಮಾದಂತೆ ಮೊದಲ ತಿದ್ದುಪಡಿಯ ವಾಕ್ ಸ್ವಾತಂತ್ರ್ಯದೊಳಗೆ ಬರುತ್ತದೆ. ಮಕ್ಕಳಿಂದ ಹಿಂಸೆಯನ್ನು ಮರೆಮಾಡುವ ಸಂಪ್ರದಾಯ ಈ ದೇಶಕ್ಕೆ ಇಲ್ಲ. ಅಜ್ಜಿಕಥೆಯ ಮಾಟಗಾತಿಯನ್ನು ಮಕ್ಕಳೇ ಒಲೆಗೆ ನೂಕಿ ಸುಡುತ್ತಾರೆ, ಒಡಿಸ್ಸಿಯುಸ್ ಒಕ್ಕಣ್ಣ ರಾಕ್ಷಸನ ಕಣ್ಣಿಗೆ ಕಾಸಿದ ಕೊಂತ ಚುಚ್ಚುತ್ತಾನೆ. ಕನ್ನಡದ ಓದುಗನಿಗೆ ಈ ವಾದ ವಿವರಿಸಬೇಕಾಗಿಲ್ಲ. ರಾತ್ರಿಯಿಡೀ ನಡೆದ ಬಯಲಾಟದಲ್ಲಿ ಭೀಮ ದುಶ್ಶಾಸನನ ಎದೆ ಬಗೆದು ಕರುಳು ಎಳೆಯುವ ಹೊತ್ತಿಗೆ, ನಿದ್ದೆ ಹೋದ ಮಕ್ಕಳನ್ನು ದೊಡ್ಡವರೇ ಅಲುಗಾಡಿಸಿ ಎಬ್ಬಿಸುತ್ತಿದ್ದರು. ಕಂದಗಲ್ಲ ಹನುಮಂತರಾಯರ ನಾಟಕದ ಹೆಸರೇ ರಕ್ತರಾತ್ರಿ. ಆಂಡರ್ಸನ್ನರ ಪ್ರಯೋಗಗಳ ಬಗ್ಗೆ ಸ್ಕಾಲಿಯಾ ಹೇಳಿದ್ದು ಇನ್ನೂ ನಿಷ್ಠುರ: ಅವು ಕಾರಣವನ್ನು ಸಾಬೀತುಮಾಡುವುದಿಲ್ಲ, ತೋರಿಸುವ ಸಣ್ಣ ಪರಿಣಾಮವೂ ಬಗ್ಸ್ ಬನ್ನಿ ಕಾರ್ಟೂನಿನಿಂದ ಆಗುವಷ್ಟೇ, ಹಾಗಾದರೆ ಕ್ಯಾಲಿಫೋರ್ನಿಯಾ ಕಾರ್ಟೂನನ್ನೇಕೆ ಬಿಟ್ಟಿತು?

ಭಿನ್ನಮತದ ಇಬ್ಬರಲ್ಲಿ ಸ್ಟೀಫನ್ ಬ್ರೈಯರ್ ಎತ್ತಿದ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಹದಿಮೂರರ ಹುಡುಗನಿಗೆ ಬೆತ್ತಲೆ ಹೆಂಗಸಿನ ಚಿತ್ರವಿರುವ ಪತ್ರಿಕೆ ಮಾರುವುದು ಅಪರಾಧ, ಅದನ್ನು ಇದೇ ಕೋರ್ಟು 1968ರಿಂದ ಒಪ್ಪಿಕೊಂಡು ಬಂದಿದೆ. ಅದೇ ಹುಡುಗ ಅದೇ ಹೆಂಗಸನ್ನು ಕಟ್ಟಿಹಾಕಿ, ಹಿಂಸಿಸಿ, ಕೊಲ್ಲುವ ಆಟ ಕೊಂಡರೆ ತಡೆಯುವಂತಿಲ್ಲವೆಂದರೆ ಇದು ಯಾವ ನ್ಯಾಯ ಎಂದು ಅವರು ಕೇಳಿದರು. ಬಹುಮತದ ತೀರ್ಪಿನಲ್ಲಿ ಇದಕ್ಕೆ ಉತ್ತರ ಇದೆ, ಆದರೆ ಅದು ಚರಿತ್ರೆಯ ಉತ್ತರ: ಲೈಂಗಿಕತೆಗೆ ಹಿಂದಿನಿಂದ ಕಟ್ಟುಪಾಡಿದೆ, ಹಿಂಸೆಗೆ ಇಲ್ಲ. ಹೆತ್ತವರೊಬ್ಬರ ಮುಂದೆ ಅದನ್ನು ಹೇಳಿ ಒಪ್ಪಿಸುವುದು ಸುಲಭವಲ್ಲ.

ಲೀಲಂಡ್ ಯೀ ಅವರ ಮುಂದಿನ ಕಥೆಯನ್ನು ಕಾದಂಬರಿಕಾರ ಬರೆದಿದ್ದರೆ ಸಂಪಾದಕರು ಹೊಡೆದುಹಾಕುತ್ತಿದ್ದರು. 2014ರ ಮಾರ್ಚಿನಲ್ಲಿ ಎಫ್‌ಬಿಐ ಅವರನ್ನು ಬಂಧಿಸಿತು. ಚುನಾವಣೆಯ ಸಾಲ ತೀರಿಸಲು ಲಂಚ ಪಡೆದದ್ದಲ್ಲದೆ, ಮಾರುವೇಷದ ಅಧಿಕಾರಿಯೊಬ್ಬನಿಗೆ ಫಿಲಿಪೀನ್ಸಿನಿಂದ ಶಸ್ತ್ರಾಸ್ತ್ರ ತರಿಸಿಕೊಡುವ ಮಾತುಕತೆ ನಡೆಸಿದ್ದರು. ಬಂದೂಕು ನಿಯಂತ್ರಣದ ಪರ ಗಟ್ಟಿ ದನಿಯಾಗಿದ್ದ ಶಾಸಕ! ತಪ್ಪೊಪ್ಪಿಕೊಂಡು ಐದು ವರ್ಷ ಜೈಲು ಶಿಕ್ಷೆ ಪಡೆದರು.

ತೀರ್ಪಿನಿಂದ ಕಾನೂನಿನ ಬಾಗಿಲು ಮುಚ್ಚಿತು, ಬಾಯಿ ಮುಚ್ಚಲಿಲ್ಲ. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ ಒಬ್ಬನ ಗುಂಡಿಗೆ ಇಪ್ಪತ್ತು ಪುಟ್ಟ ಮಕ್ಕಳೂ ಆರು ಮಂದಿ ಹಿರಿಯರೂ ಸತ್ತರು. ವಾರದ ಮೇಲೆ ಬಂದೂಕು ಸಂಘದ ವೇಯ್ನ್ ಲಪಿಯೆರ್ ಪತ್ರಿಕಾಗೋಷ್ಠಿ ಕರೆದು ಬುಲೆಟ್‌ಸ್ಟಾರ್ಮ್, ಗ್ರ್ಯಾಂಡ್ ಥೆಫ್ಟ್ ಆಟೊ, ಮಾರ್ಟಲ್ ಕಾಂಬ್ಯಾಟ್, ಸ್ಪ್ಲಾಟರ್‌ಹೌಸ್ ಎಂದು ಆಟಗಳ ಹೆಸರು ಓದಿದರು. ಹತ್ತಿರದ ಸದಿಂಗ್ಟನ್ ಪಟ್ಟಣದವರು ಆಟದ ಡಿಸ್ಕುಗಳನ್ನು ರಾಶಿ ಹಾಕಿ ನಾಶ ಮಾಡಲು ದಿನ ಗೊತ್ತು ಮಾಡಿ, ಆಮೇಲೆ ಕೈಬಿಟ್ಟರು. ತನಿಖಾ ವರದಿ ಬಂದಾಗ, ಹಂತಕ ಗುಂಡು ಹಾರಿಸುವ ಆಟಗಳನ್ನು ಆಡಿದ್ದು ನಿಜವಾದರೂ, ಗಂಟೆಗಟ್ಟಲೆ ಮೈಮರೆಯುತ್ತಿದ್ದದ್ದು ಹಾಡಿಗೆ ತಕ್ಕಂತೆ ಹೆಜ್ಜೆ ಹಾಕುವ ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್ ಆಟದಲ್ಲಿ ಎಂದಿತ್ತು. ಬಂದೂಕು ಅವನ ತಾಯಿಯೇ ಕಾನೂನುಬದ್ಧವಾಗಿ ಕೊಂಡದ್ದು.

ಪ್ಯಾಟ್ರಿಕ್ ಮಾರ್ಕಿ ಮತ್ತು ಜೊತೆಗಾರರು ಸಾಮೂಹಿಕ ಗುಂಡಿನ ದಾಳಿಗಳ ಬಗ್ಗೆ ಬಂದ ಎರಡು ಲಕ್ಷಕ್ಕೂ ಹೆಚ್ಚು ಸುದ್ದಿಬರಹಗಳನ್ನು ಜಾಲಾಡಿ 2019ರಲ್ಲಿ ಒಂದು ಸಂಗತಿ ಹೊರತಂದರು. ಶಾಲೆಯಲ್ಲಿ ಗುಂಡು ಹಾರಿಸಿದವನು ಬಿಳಿಯನಾಗಿದ್ದರೆ ವಿಡಿಯೋ ಗೇಮಿನ ಪ್ರಸ್ತಾಪ ಬರುವ ಸಂಭವ, ಅವನು ಕರಿಯನಾಗಿದ್ದಾಗಿನದಕ್ಕಿಂತ ಎಂಟು ಪಟ್ಟು ಹೆಚ್ಚು. ಒಳ್ಳೆಯ ಮನೆಯ ಹುಡುಗ ಹೀಗೇಕಾದ ಎಂದು ಕೇಳಿಕೊಂಡಾಗ ಆಟ ಬೇಕಾಗುತ್ತದೆ. ಬೇರೆಯವರ ಹುಡುಗನ ವಿಷಯದಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ.

2019ರ ಆಗಸ್ಟ್ 3ರಂದು ಟೆಕ್ಸಾಸಿನ ಎಲ್ ಪಾಸೊ ನಗರದ ವಾಲ್‌ಮಾರ್ಟ್ ಅಂಗಡಿಯಲ್ಲಿ, ಮೆಕ್ಸಿಕನ್ ಮೂಲದವರ ಮೇಲಿನ ದ್ವೇಷವನ್ನು ಬರೆದಿಟ್ಟೇ ಬಂದವನೊಬ್ಬ 23 ಜನರನ್ನು ಕೊಂದ. ಎರಡು ದಿನದ ಮೇಲೆ ಅಧ್ಯಕ್ಷ ಟ್ರಂಪ್ ಭಾಷಣದಲ್ಲಿ ವಿಡಿಯೋ ಗೇಮುಗಳನ್ನು ಹೆಸರಿಸಿದರು. ವಾಲ್‌ಮಾರ್ಟ್ ತನ್ನ ಅಂಗಡಿಗಳಲ್ಲಿ ಹಿಂಸೆಯ ಆಟಗಳ ಪೋಸ್ಟರು, ಪ್ರದರ್ಶನದ ಪರದೆಗಳನ್ನು ತೆಗೆಯಲು ನೌಕರರಿಗೆ ಸೂಚನೆ ಕಳಿಸಿತು. ಬಂದೂಕಿನ ಕಪಾಟು ಎಂದಿನಂತೆ ತೆರೆದಿತ್ತು. ಕೆಲವು ಬಗೆಯ ಮದ್ದುಗುಂಡು ಮಾರುವುದನ್ನು ನಿಲ್ಲಿಸುವುದಾಗಿ ಹೇಳಿದ್ದು ಒಂದು ತಿಂಗಳಾದ ಮೇಲೆ. ಮರುವರ್ಷ ಅಮೆರಿಕದ ಮನೋವಿಜ್ಞಾನ ಸಂಘ ತನ್ನ ಹಳೆಯ ನಿಲುವನ್ನು ತಿದ್ದಿ, ಹಿಂಸಾಕೃತ್ಯಗಳಿಗೆ ಆಟವನ್ನು ಕಾರಣ ಮಾಡುವುದಕ್ಕೆ ಸಾಕಷ್ಟು ಪುರಾವೆ ಇಲ್ಲ ಎಂದು ಠರಾವು ಮಾಡಿತು.

ಈಚೆಗೆ ದೂರಿನ ಸ್ವರೂಪವೇ ಬದಲಾಗಿದೆ. 2022ರ ಮೇ 24ರಂದು ಟೆಕ್ಸಾಸಿನ ಯುವಾಲ್ಡಿಯ ಶಾಲೆಯಲ್ಲಿ ನಡೆದ ಗುಂಡಿನ ದಾಳಿಯಲ್ಲಿ ಹತ್ತೊಂಬತ್ತು ಮಕ್ಕಳೂ ಇಬ್ಬರು ಟೀಚರುಗಳೂ ಸತ್ತರು. ಸರಿಯಾಗಿ ಎರಡು ವರ್ಷಕ್ಕೆ ಆ ಕುಟುಂಬಗಳು ಎರಡು ದಾವೆ ಹೂಡಿದವು: ರೈಫಲ್ ತಯಾರಿಸಿದ ಡೇನಿಯಲ್ ಡಿಫೆನ್ಸ್ ಮೇಲೆ ಟೆಕ್ಸಾಸಿನಲ್ಲಿ ಒಂದು, ಕ್ಯಾಲಿಫೋರ್ನಿಯಾದಲ್ಲಿ ಕಾಲ್ ಆಫ್ ಡ್ಯೂಟಿ ಆಟದ ಆಕ್ಟಿವಿಷನ್ ಮತ್ತು ಇನ್‌ಸ್ಟಾಗ್ರಾಮಿನ ಒಡೆಯ ಮೆಟಾ ಮೇಲೆ ಇನ್ನೊಂದು. ಆಟ ಮನಸ್ಸು ಕೆಡಿಸಿತು ಎಂಬ ಹಳೆಯ ವಾದಕ್ಕಷ್ಟೇ ಅವರು ಜೋತುಬಿದ್ದಿಲ್ಲ. ಪೇಟೆಯಲ್ಲಿ ಸಿಗುವ ನಿಜವಾದ ರೈಫಲ್ಲುಗಳನ್ನು ಆಟ ಹುಡುಗರಿಗೆ ಪರಿಚಯಿಸುತ್ತದೆ, ಹಂತಕ ಹದಿನೆಂಟು ತುಂಬಿದ ಕೂಡಲೇ ಕೊಂಡದ್ದು ತಾನು ಆಟದಲ್ಲಿ ಕಂಡ ಮಾದರಿಯನ್ನೇ, ಅಂದಮೇಲೆ ಆಟ ಬಂದೂಕಿನ ಜಾಹೀರಾತು ಎಂಬುದು ಅವರ ದೂರು. ಆಕ್ಟಿವಿಷನ್ ಕೊಟ್ಟ ಉತ್ತರ ಮೊದಲ ತಿದ್ದುಪಡಿ.